ಬೀಗ ಗಟ್ಟಿಯಾಗಿದೆ, ಕೀಲಿಯದೇ ತೊಂದರೆ: ನಿಗಾ ತಂತ್ರಾಂಶವೊಂದರ ದೀರ್ಘಕಾಲದ ಬಳಕೆ

ಕಚೇರಿಯ ಕಂಪ್ಯೂಟರ್‌ಗಳ ಮೇಲೆ ನಿಗಾ ಇಡುವ ಈ ತಂತ್ರಾಂಶದ ಪರವಾನಗಿಯನ್ನು ಮತ್ತೊಮ್ಮೆ ನವೀಕರಿಸಬೇಕಾದ ಸಮಯ ಬಂದಿರುವುದರಿಂದ ಈ ವಿಮರ್ಶೆ ಬರೆಯುತ್ತಿದ್ದೇನೆ. ಅದು ಏನೇನನ್ನು ದಾಖಲಿಸುತ್ತದೆ ಎಂಬುದು ತಯಾರಕ ಕಂಪನಿಯ ಪುಟದಲ್ಲೇ ಇದೆ. ನಾವು ಹೆಚ್ಚಿನ ಹಣ ತೆತ್ತು ಮೇಲ್ದರ್ಜೆಯ ಯೋಜನೆಯನ್ನು ಕೊಂಡದ್ದು ಒಂದೇ ಭರವಸೆಗಾಗಿ: ಸಿಬ್ಬಂದಿ ಯಾರೇ ಕೈಹಾಕಿದರೂ ಇದನ್ನು ನಿಲ್ಲಿಸಲಾಗದು, ತೆಗೆಯಲಾಗದು. ಹಾಗಾಗಿ ನನ್ನ ಮಾತು ಅಷ್ಟಕ್ಕೇ ಸೀಮಿತ.

ವಿಂಡೋಸ್‌ನಲ್ಲಿ ಆ ಭರವಸೆ ಬಹುಮಟ್ಟಿಗೆ ಉಳಿದಿದೆ. ಪ್ರತಿ ಯಂತ್ರದಲ್ಲಿ ಕೂತು ನಿಗಾ ಇಡುವ ಭಾಗವಾದ ಏಜೆಂಟ್‌ನ ಎರಡು ಪ್ರೊಸೆಸ್‌ಗಳು (ಓಡುತ್ತಿರುವ ಪ್ರೋಗ್ರಾಂಗಳು) ಒಂದನ್ನೊಂದು ಕಾಯುತ್ತವೆ. ಟಾಸ್ಕ್ ಮ್ಯಾನೇಜರ್‌ನಲ್ಲಿ ಒಂದನ್ನು ಮುಗಿಸಿದರೆ ಪಟ್ಟಿಯಿಂದ ಕಣ್ಣು ಕೀಳುವಷ್ಟರಲ್ಲಿ ಅದು ಮತ್ತೆ ಹಾಜರಾಗಿರುತ್ತದೆ. ಆದರೆ ಈ ಕೀರ್ತಿಯಲ್ಲಿ ದೊಡ್ಡ ಪಾಲು ವಿಂಡೋಸ್‌ಗೇ ಸಲ್ಲಬೇಕು. ಈ ಏಜೆಂಟ್‌ನಂತೆ ವಿಂಡೋಸ್‌ನದೇ ಸಿಸ್ಟಂ ಖಾತೆಯಡಿ ಹಿನ್ನೆಲೆಯಲ್ಲಿ ಓಡುವ ಸರ್ವಿಸ್ ಅನ್ನು ಸಾಮಾನ್ಯ ಬಳಕೆದಾರರು ಹೇಗೂ ನಿಲ್ಲಿಸಲಾರರು. ಅದೇ ಅಡ್ಮಿನ್ ಹಕ್ಕು (ಯಂತ್ರದ ಪೂರ್ಣ ನಿಯಂತ್ರಣ) ಇರುವವರು, ವಿಂಡೋಸ್ ಅತ್ಯಗತ್ಯ ಭಾಗಗಳಷ್ಟರಿಂದಲೇ ಏಳುವ ಸೇಫ್ ಮೋಡ್‌ಗೆ ಹೋದರೆ, ವಿಂಡೋಸ್‌ನ ಸೆಟ್ಟಿಂಗ್‌ಗಳ ಭಂಡಾರವಾದ ರಿಜಿಸ್ಟ್ರಿಯ ಸೇಫ್‌ಬೂಟ್ ಪಟ್ಟಿಯಲ್ಲಿ ಹೆಸರಿಲ್ಲದ ಸರ್ವಿಸ್ ಅಲ್ಲಿ ಏಳುವುದೇ ಇಲ್ಲ. ಆಮೇಲೆ ಅದರ ಕಡತಗಳನ್ನು ಅಳಿಸಿ ನಿಗಾವನ್ನು ಕೆಡಿಸಲು ದೊಡ್ಡ ಅಡ್ಡಿ ಉಳಿಯುವುದಿಲ್ಲ (ಏಜೆಂಟ್ ಅನ್ನು ಪೂರ್ತಿ, ಸ್ವಚ್ಛವಾಗಿ ತೆಗೆಯುವುದು ಬೇರೆ ಮಾತು). ಆದ್ದರಿಂದ ಖರೀದಿಗೆ ಮೊದಲೇ ನಾವು ಎಲ್ಲರ ಅಡ್ಮಿನ್ ಹಕ್ಕನ್ನು ಹಿಂಪಡೆದೆವು, 2023ರ ಏಪ್ರಿಲ್ ಅಪ್‌ಡೇಟ್‌ನಿಂದ ವಿಂಡೋಸ್‌ನಲ್ಲೇ ಸೇರಿಕೊಂಡಿರುವ ಲ್ಯಾಪ್ಸ್ ಎಂಬ ಪಾಸ್‌ವರ್ಡ್ ನಿರ್ವಹಣೆಯ ಸೌಲಭ್ಯದ ಮೂಲಕ ಪ್ರತಿ ಯಂತ್ರದ ಸ್ಥಳೀಯ ಅಡ್ಮಿನ್ ಪಾಸ್‌ವರ್ಡ್ ಬೇರೆಬೇರೆಯಾಗಿ, ತಾನಾಗಿ ಬದಲಾಗುತ್ತಿರುವಂತೆ ಮಾಡಿದೆವು, ಮತ್ತು ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ ಡಿಸ್ಕ್‌ಗೆ ಕೈಹಾಕದಂತೆ ಬಿಟ್‌ಲಾಕರ್ (ಡಿಸ್ಕ್ ಅನ್ನು ಗೂಢಲಿಪಿಯಾಗಿಸುವ ವಿಂಡೋಸ್ ಸೌಲಭ್ಯ) ಹಾಕಿದೆವು. ಇವಿಲ್ಲದೆ ಈ ಉತ್ಪನ್ನವನ್ನಷ್ಟೇ ನಂಬುವುದು ಗೋಡೆಯಿಲ್ಲದ ಮನೆಗೆ ಬಾಗಿಲು ನಿಲ್ಲಿಸಿದಂತೆ.

ನಾನು ನಿಜವಾಗಿ ಮೆಚ್ಚಿಕೊಂಡದ್ದು ಜಾಹೀರಾತಿನಲ್ಲಿ ಎಲ್ಲೂ ಎದ್ದು ಕಾಣದ ಒಂದು ವರದಿಯನ್ನು. ಬೆಳಿಗ್ಗೆ ಬಂದ ಕೂಡಲೇ ಎಲ್ಲ ಯಂತ್ರಗಳನ್ನೂ ಒಂದೆಡೆಯಿಂದ ನೋಡಿಕೊಳ್ಳುವ ಪರದೆಯಾದ ಕನ್ಸೋಲ್ ತೆರೆದು, ‘ಕೊನೆಯ ಸಂಪರ್ಕ’ ಎಂಬ ಕಾಲಂ ಅನ್ನು ಹಳೆಯದು ಮೇಲೆ ಬರುವಂತೆ ಜೋಡಿಸಿ, ಬೂದು ಚುಕ್ಕೆಗಳು ಒಂದೊಂದಾಗಿ ಹಸಿರಾಗುವುದನ್ನು ನೋಡುತ್ತ ಕೂರುವುದು ನನಗೆ ರೂಢಿಯಾಗಿದೆ. ಯಂತ್ರ ಆಫ್ ಆಗಿತ್ತೇ, ನಿದ್ರೆಗೆ ಜಾರಿತ್ತೇ, ಅಥವಾ ಯಂತ್ರ ಎಚ್ಚರವಿದ್ದೂ ಏಜೆಂಟ್ ಮಾತ್ರ ಮೌನವಾಗಿತ್ತೇ ಎಂಬುದನ್ನು ಇದು ಬೇರ್ಪಡಿಸಿ ತೋರಿಸುತ್ತದೆ. ಮೂರನೆಯ ಬಗೆಯ ಮೌನ ಕಂಡರೆ ವಿಂಡೋಸ್ ತಾನೇ ಬರೆದಿಡುವ ಘಟನೆಗಳ ದಾಖಲೆಯಾದ ಇವೆಂಟ್ ಲಾಗ್ ಅನ್ನು ಆ ಯಂತ್ರದಲ್ಲಿ ತೆರೆಯುತ್ತೇನೆ: ಘಟನೆ ಸಂಖ್ಯೆ 7034 ಇದ್ದರೆ ಸರ್ವಿಸ್ ಅನಿರೀಕ್ಷಿತವಾಗಿ ನಿಂತಿದೆ, 7040 ಇದ್ದರೆ ಅದು ಆರಂಭವಾಗುವ ಬಗೆಯನ್ನು ಯಾರೋ ಬದಲಾಯಿಸಿದ್ದಾರೆ. ಹೀಗೆ ಸಿಕ್ಕ ಪ್ರಕರಣಗಳಲ್ಲಿ ಕಳ್ಳಾಟಕ್ಕಿಂತ ಬೇಸರವೇ ಹೆಚ್ಚಿತ್ತು. ವಿಡಿಯೊ ಸಭೆಯ ನಡುವೆ ಲ್ಯಾಪ್‌ಟಾಪ್ ತಡವರಿಸಿದಾಗ ಕೈಗೆ ಸಿಕ್ಕಿದ್ದನ್ನೆಲ್ಲ ಮುಚ್ಚಲು ಹೊರಟವರೇ ಬಹಳ. ಏಜೆಂಟ್ ತೆಗೆಯುವ ಸ್ಕ್ರೀನ್‌ಶಾಟ್‌ಗಳ ನಡುವಿನ ಅಂತರವನ್ನು ಹಿಗ್ಗಿಸಿದ ಮೇಲೆ ಇಂಥ ಮೌನದ ಎಚ್ಚರಿಕೆಗಳು ಗಣನೀಯವಾಗಿ ಇಳಿದವು. (ನಿಗಾ ಇದೆ ಎಂಬುದನ್ನು ನಾವು ಮೊದಲೇ ಎಲ್ಲರಿಗೂ ಲಿಖಿತವಾಗಿ ತಿಳಿಸಿದ್ದೇವೆ, ಅಡಗಿಸಿಡುವ ಆಯ್ಕೆ ಇದ್ದರೂ ಬಳಸಿಲ್ಲ.)

ಇಲ್ಲಿಯವರೆಗಿನ ಮೆಚ್ಚುಗೆಯನ್ನು ಕದಡಿದ್ದು ಅನ್‌ಇನ್‌ಸ್ಟಾಲ್ ಕೋಡ್. ಏಜೆಂಟ್ ಅನ್ನು ತೆಗೆಯಲು ಕನ್ಸೋಲ್‌ನಿಂದ ಆಯಾ ಯಂತ್ರಕ್ಕೆಂದೇ ಕೋಡ್ ಪಡೆಯಬೇಕು, ಮತ್ತು ಏಜೆಂಟ್ ಅದನ್ನು ಸರ್ವರ್‌ನಲ್ಲಿ ವಿಚಾರಿಸಿದ ಮೇಲಷ್ಟೇ ಒಪ್ಪಿಕೊಳ್ಳುತ್ತದೆ. ದೀರ್ಘ ರಜೆಯಲ್ಲಿದ್ದವರೊಬ್ಬರ ಲ್ಯಾಪ್‌ಟಾಪ್ ಬಹಳ ದಿನ ಸಂಪರ್ಕಕ್ಕೆ ಬಾರದೆ ಹೋದಾಗ ಕನ್ಸೋಲ್ ಅದರ ದಾಖಲೆಯನ್ನು ತಾನಾಗಿ ಅಳಿಸಿಹಾಕಿತ್ತು. ದಾಖಲೆ ಇಲ್ಲವಾದ್ದರಿಂದ ಕೋಡ್ ಇಲ್ಲ. ಕೋಡ್ ಇಲ್ಲವಾದ್ದರಿಂದ ಏಜೆಂಟ್ ಜಗ್ಗುವುದಿಲ್ಲ. ಏನು ಕೊಟ್ಟರೂ ‘ಅಮಾನ್ಯ ಕೋಡ್’ ಎಂಬ ಒಂದೇ ಸಂದೇಶ, ಕಾರಣದ ಸುಳಿವೂ ಇಲ್ಲ. ಆ ಹಳೆಯ ಏಜೆಂಟ್‌ನ ಡ್ರೈವರ್‌ನಿಂದಾಗಿ (ವಿಂಡೋಸ್‌ನ ಒಳಪದರದಲ್ಲಿ ಕೂರುವ ಅದರ ಭಾಗ) ವಿಂಡೋಸ್ ಅಪ್‌ಗ್ರೇಡ್ ಅರ್ಧಕ್ಕೆ ಹೋಗಿ ಹಿಂದಕ್ಕೆ ಮರಳುತ್ತಿತ್ತು. ಏಜೆಂಟ್ ಅನ್ನು ಪೂರ್ತಿ ತೆಗೆದುಹಾಕುವ ಶುದ್ಧೀಕರಣದ ಟೂಲ್ ಬೇಕೆಂದು ತಯಾರಕ ಕಂಪನಿಯನ್ನು ಕೇಳಿದರೆ, ಒಪ್ಪಂದದಲ್ಲಿ ನಮೂದಾದ ವ್ಯಕ್ತಿಯೇ ಕೋರಿಕೆ ಕಳುಹಿಸಬೇಕೆಂದರು. ಅವರು ಕೆಲಸ ಬಿಟ್ಟು ಹೋಗಿಯಾಗಿತ್ತು. ಕೊನೆಗೆ ಕಡತಗಳನ್ನು ಬೇರೆಡೆ ಉಳಿಸಿಕೊಂಡು ಇಡೀ ಡಿಸ್ಕ್ ಅನ್ನೇ ಅಳಿಸಿ ವಿಂಡೋಸ್ ಹೊಸದಾಗಿ ಹಾಕಬೇಕಾಯಿತು. ಸಿಬ್ಬಂದಿಯನ್ನು ತಡೆಯುವ ಬಿಗಿ ಬೇಕು, ಸರಿ. ಆದರೆ ಒಡೆಯ ಯಾರೆಂದೇ ಗುರುತಿಸದ ಬಿಗಿಯನ್ನು ಭದ್ರತೆ ಎನ್ನಲು ನನಗೆ ಮನಸ್ಸಿಲ್ಲ.

ಮ್ಯಾಕ್ ಯಂತ್ರಗಳ ಕಥೆ ಚಿಕ್ಕದು. 2019ರ ಕ್ಯಾಟಲಿನಾ ಆವೃತ್ತಿಯಿಂದ ಪರದೆ ದಾಖಲಿಸಲು ಬಳಕೆದಾರರ ಅನುಮತಿ ಬೇಕು. ಎಂಡಿಎಂ (ಸಂಸ್ಥೆಯ ಯಂತ್ರಗಳನ್ನು ದೂರದಿಂದಲೇ ನಿರ್ವಹಿಸುವ ವ್ಯವಸ್ಥೆ) ಪ್ರೊಫೈಲ್‌ನಿಂದ ಅದನ್ನು ನಿರಾಕರಿಸಬಹುದು, ಅಥವಾ ಅನುಮತಿಸುವ ಅಧಿಕಾರವನ್ನು ಸಾಮಾನ್ಯ ಬಳಕೆದಾರರಿಗೆ ವಹಿಸಬಹುದೇ ಹೊರತು, ಅವರ ಪರವಾಗಿ ನಾವೇ ಒಪ್ಪಿಗೆ ಕೊಡುವಂತಿಲ್ಲ. ಅಂದರೆ ಆ ಸ್ವಿಚ್ ಅವರ ಕೈಯಲ್ಲೇ ಇರುತ್ತದೆ. ಆಪಲ್‌ನ ಈ ನಿಲುವು ತಪ್ಪೆಂದು ನನಗೆ ಅನ್ನಿಸುವುದಿಲ್ಲ, ಆದರೆ ಎರಡೂ ವ್ಯವಸ್ಥೆಗಳಲ್ಲಿ ‘ಸಮಾನ ರಕ್ಷಣೆ’ ಎಂದು ಬರೆದುಕೊಂಡು ಎರಡಕ್ಕೂ ಒಂದೇ ದರ ಕೇಳುವ ಮಾರಾಟಗಾರರದ್ದು ಸರಿಯಲ್ಲ.

ಈ ಬಾರಿ ವಿಂಡೋಸ್ ಯಂತ್ರಗಳಿಗೆ ಮಾತ್ರ, ಅದೂ ಕಡಿಮೆ ಅವಧಿಗೆ ನವೀಕರಿಸಲು ಶಿಫಾರಸು ಮಾಡಿದ್ದೇನೆ. ಸರ್ವರ್ ಸಂಪರ್ಕವಿಲ್ಲದೆಯೂ ಕೆಲಸ ಮಾಡುವ ಕೋಡ್ ಕೊಡಬೇಕೆಂಬ ಬೇಡಿಕೆಗೆ ಉತ್ತರ ಇನ್ನೂ ಬಂದಿಲ್ಲ. ಸದ್ಯಕ್ಕೆ ಸಂಪರ್ಕ ತಪ್ಪಿದ ಯಂತ್ರಗಳ ದಾಖಲೆ ತಾನಾಗಿ ಅಳಿಯುವ ಆಯ್ಕೆಯನ್ನು ಆಫ್ ಮಾಡಿದ್ದೇನೆ, ಒಪ್ಪಂದದಲ್ಲಿ ಇಬ್ಬರ ಹೆಸರು ಹಾಕಿಸಿದ್ದೇನೆ. ಹೊಸದಾಗಿ ಕೊಳ್ಳುವವರು ಇವೆರಡನ್ನೂ ಮೊದಲ ದಿನವೇ ಮಾಡಿಕೊಳ್ಳುವುದು ಒಳ್ಳೆಯದು.