ಮೂರು ಕಾಲದ ಮೂರು ಜೋಡಿ: ಇವತ್ತಿನ ಬ್ಯಾಸ್ಕೆಟ್‌ಬಾಲ್‌ಗೆ ಯಾವ ಶೂ?

ಕಾನ್ವರ್ಸ್ ಚಕ್ ಟೇಲರ್, ಏರ್ ಜೋರ್ಡನ್ 1, ಅಂಡರ್ ಆರ್ಮರ್ ಕರಿ ಫ್ಲೋ 8. ಮೂರೂ ಬ್ಯಾಸ್ಕೆಟ್‌ಬಾಲ್‌ಗೆಂದೇ ಹುಟ್ಟಿದವು, ಮೂರನ್ನೂ ಅಮೆರಿಕದ ಎನ್‌ಬಿಎ ಲೀಗ್‌ನ ಆಟಗಾರರು ತೊಟ್ಟು ಆಡಿದ್ದಾರೆ. ಆದರೆ ಇವತ್ತಿನ ಆಟಕ್ಕೆ ಒದಗುವುದು ಮೂರರಲ್ಲಿ ಒಂದೇ, ಅದೂ ಮರದ ನೆಲದಲ್ಲಿ ಮಾತ್ರ. ಇದಕ್ಕೆ ಫ್ಯಾಷನ್ ಕಾರಣವಲ್ಲ. ಆಟ ನಮ್ಮ ಕಾಲಿಗೆ ಹೇಳುವ ಕೆಲಸವೇ ಬೇರೆಯಾಗಿದೆ.

ಚಕ್ ಟೇಲರ್‌ನಿಂದ ಶುರುಮಾಡೋಣ. ಕ್ಯಾನ್ವಾಸ್ ಬಟ್ಟೆ, ಒಳಮಗ್ಗುಲಲ್ಲಿ ಗಾಳಿಗೆ ಎರಡು ತೂತು, ಚಪ್ಪಟೆ ರಬ್ಬರ್ ಅಟ್ಟೆ, ಅಷ್ಟೇ. ಈ ಶೂ ಮೆರೆದ ಕಾಲದಲ್ಲಿ ಎತ್ತರದ ಸೆಂಟರ್ ರಿಂಗ್‌ಗೆ ಬೆನ್ನು ಮಾಡಿ ನಿಲ್ಲುತ್ತಿದ್ದ, ಉಳಿದವರು ಅವನಿಗೆ ಚೆಂಡು ಮುಟ್ಟಿಸಲು ದಾರಿ ನೋಡುತ್ತಿದ್ದರು. ಚೆಂಡನ್ನು ಎಷ್ಟು ಹೊತ್ತು ಬೇಕಾದರೂ ಹಿಡಿದುಕೊಳ್ಳಬಹುದಿತ್ತು. 1950ರ ನವೆಂಬರ್ 22ರಂದು ಫೋರ್ಟ್ ವೇನ್ ತಂಡ ಮಿನಿಯಾಪೊಲಿಸ್ ಲೇಕರ್ಸ್ ತಂಡವನ್ನು ಸೋಲಿಸಿದ್ದು 19-18ರಿಂದ! ಲೇಕರ್ಸ್‌ನ ಎತ್ತರದ ಸೆಂಟರ್ ಜಾರ್ಜ್ ಮೈಕನ್ ಕೈಗೆ ಚೆಂಡು ಸಿಗದಂತೆ ಮಾಡಲು ಎದುರಾಳಿಗಳು ಹಿಡಿದ ದಾರಿ ಅದು. 24 ಸೆಕೆಂಡಿನೊಳಗೆ ರಿಂಗ್‌ಗೆ ಎಸೆಯಲೇಬೇಕು ಎಂಬ ನಿಯಮ ಬಂದದ್ದು 1954ರಲ್ಲಿ.

ಒಂದು ಕಾಲು ಊರಿ ತಿರುಗುವ ಪಿವಟ್‌ಗೆ ಚಕ್ ಟೇಲರ್ ಈಗಲೂ ಚೆನ್ನಾಗಿದೆ. ಪಾದ ನೆಲಕ್ಕೆ ಹತ್ತಿರ ಇರುವುದರಿಂದ ತೂಕ ಎಲ್ಲಿ ಬಿದ್ದಿದೆ ಎಂದು ಚೆನ್ನಾಗಿ ತಿಳಿಯುತ್ತದೆ. ಕೈಕೊಡುವುದು ಪಕ್ಕಕ್ಕೆ ಹಾರಿ ನಿಲ್ಲುವಾಗ. ಬಟ್ಟೆ ಹಿಗ್ಗಿ ಪಾದ ಅಟ್ಟೆಯ ಅಂಚು ದಾಟುತ್ತದೆ, ಉಳುಕುವುದು ಅಲ್ಲೇ. ಹಿಮ್ಮಡಿಯ ಕೆಳಗೆ ಮೆತ್ತೆ ಎನ್ನುವಂಥದ್ದು ಏನೂ ಇಲ್ಲದ ಕಾರಣ ಸಿಮೆಂಟ್ ಅಂಕಣದಲ್ಲಿ ಪೆಟ್ಟು ನೇರ ಮೂಳೆಗೆ. ಎನ್‌ಬಿಎಯಲ್ಲಿ ಈ ಕ್ಯಾನ್ವಾಸ್ ಶೂ ಕೊನೆಯದಾಗಿ ಕಂಡದ್ದು 1979-80ರಲ್ಲಿ, ಅಟ್ಲಾಂಟಾ ಹಾಕ್ಸ್‌ನ ಟ್ರೀ ರಾಲಿನ್ಸ್ ಕಾಲಲ್ಲಿ. ಆಚೆಯಿಂದ ಹಾಕಿದರೆ ಮೂರು ಪಾಯಿಂಟ್ ಸಿಗುವ ತ್ರೀ ಪಾಯಿಂಟ್ ಗೆರೆ ಎನ್‌ಬಿಎಗೆ ಬಂದದ್ದೂ ಅದೇ ಋತುವಿನಲ್ಲಿ.

1985ರ ಏರ್ ಜೋರ್ಡನ್ 1 ಚರ್ಮದ್ದು. ಗಾಳಿಚೀಲ ಇರುವುದು ಹಿಮ್ಮಡಿಯಲ್ಲಿ ಮಾತ್ರ, ಮುಂಗಾಲಿಗೆ ಅದರ ಲಾಭ ಇಲ್ಲ. ಆಗ ಜೋನ್ ಡಿಫೆನ್ಸ್‌ಗೆ, ಅಂದರೆ ಒಬ್ಬ ಆಟಗಾರನ ಬದಲು ಅಂಕಣದ ಒಂದೊಂದು ಜಾಗವನ್ನು ಕಾಯುವುದಕ್ಕೆ, ಎನ್‌ಬಿಎ ನಿಯಮ ಅವಕಾಶ ಕೊಡುತ್ತಿರಲಿಲ್ಲ. ಹಾಗಾಗಿ ಒಂದು ಬದಿ ಖಾಲಿ ಮಾಡಿಸಿ ಒಬ್ಬನೇ ಒಬ್ಬನನ್ನು ಎದುರಿಸಿ ನುಗ್ಗುವ ಆಟಕ್ಕೆ ಬೆಲೆ ಇತ್ತು. ಎದುರಾಳಿ ಕೈ ಒತ್ತಿ ತಡೆಯುತ್ತಿದ್ದ, ಮೈಗೆ ಮೈ ತಾಗಿಸಿ ಜಿಗಿಯಬೇಕಿತ್ತು. 1986ರ ಏಪ್ರಿಲ್ 20ರಂದು ಬಾಸ್ಟನ್‌ನಲ್ಲಿ ಮೈಕಲ್ ಜೋರ್ಡನ್ 63 ಪಾಯಿಂಟ್ ಹೊಡೆದದ್ದು ಇಂಥ ಆಟದಲ್ಲಿ. ಆ ಆಟಕ್ಕೆ ಬೇಕಾದದ್ದು ಗಟ್ಟಿ ಮೇಲ್ಭಾಗ, ಬಾಳಿಕೆಯ ಅಟ್ಟೆ. ಅವೆರಡೂ ಇದರಲ್ಲಿವೆ. ಮೂರರಲ್ಲಿ ಸಿಮೆಂಟಿನ ಮೇಲೆ ಹೆಚ್ಚು ಕಾಲ ತಡೆಯುವ ಅಟ್ಟೆ ಇದರದೇ. ಆದರೆ ಚರ್ಮ ಪಳಗುವವರೆಗೆ ಬೆರಳ ಬುಡದಲ್ಲಿ ಬಾಗುವುದೇ ಕಷ್ಟ, ತೂಕವೂ ಜಾಸ್ತಿ. ಈಗ ಅಂಗಡಿಯಲ್ಲಿ ಸಿಗುವ ಜೋಡಿಗಳು ಓಡಾಟಕ್ಕೆ ಹಾಕಿಕೊಳ್ಳಲು ಮಾಡಿದಂಥವು. ಅಷ್ಟು ದುಡ್ಡು ಸುರಿದು ಅವನ್ನು ಅಂಕಣಕ್ಕೆ ಇಳಿಸಬೇಡಿ.

2001ರಲ್ಲಿ ಎನ್‌ಬಿಎ ಜೋನ್ ಡಿಫೆನ್ಸ್‌ಗೆ ಒಪ್ಪಿತು. 2004ರಲ್ಲಿ, ಹೊರಗಡೆ ಆಡುವವನನ್ನು ಕೈಯಿಂದ ಒತ್ತಿ ತಡೆಯುವುದರ ಮೇಲೆ ಬಿಗಿ ಮಾಡಿತು. ಹೊರಗಿನಿಂದ ಚೆಂಡು ನಡೆಸುವ ಗಾರ್ಡ್‌ಗಳಿಗೆ ದಾರಿ ತೆರೆಯಿತು. ಸ್ಟೀವ್ ನ್ಯಾಶ್ ಇದ್ದ ಫೀನಿಕ್ಸ್ ತಂಡ ಆ ದಾರಿಯಲ್ಲಿ ಓಡಿತು. ತ್ರೀ ಪಾಯಿಂಟ್ ಗೆರೆ ಬಂದ ಮೊದಲ ಋತುವಿನಲ್ಲಿ ಒಂದು ತಂಡ ಪಂದ್ಯಕ್ಕೆ ಸರಾಸರಿ 2.8 ತ್ರೀ ಪಾಯಿಂಟರ್ ಎಸೆಯುತ್ತಿತ್ತು, 2024-25ರಲ್ಲಿ 37ಕ್ಕೂ ಹೆಚ್ಚು. ಸ್ಟೀಫನ್ ಕರಿ ಒಬ್ಬರೇ 2015-16ರ ಇಡೀ ಋತುವಿನಲ್ಲಿ 402 ಹಾಕಿದರು. ಈ ಅಂಕಿಗಳಲ್ಲಿ ಕಾಣದ ಸಂಗತಿ ಒಂದಿದೆ: ಇಷ್ಟು ಎಸೆತಗಳ ಹಿಂದೆ ಅಷ್ಟೇ ಬ್ರೇಕ್‌ಗಳಿವೆ. ಎದುರಾಳಿಗೆ ಅಡ್ಡ ನಿಂತ ಜೊತೆಗಾರನನ್ನು (ಸ್ಕ್ರೀನ್) ಸುತ್ತಿ ಓಡಿ ಬಂದು ತಟ್ಟನೆ ನಿಲ್ಲಬೇಕು. ನುಗ್ಗುವವನಂತೆ ಮಾಡಿ ಹಿಂದಕ್ಕೆ ಜಿಗಿಯಬೇಕು. ರಿಂಗ್ ಕೆಳಗೆ ನಿಂತಿರುತ್ತಿದ್ದ ಸೆಂಟರ್ ಕೂಡ 7.24 ಮೀಟರ್ ದೂರದ ತ್ರೀ ಪಾಯಿಂಟ್ ಗೆರೆಗೆ ಬಂದು ಪಕ್ಕಪಕ್ಕಕ್ಕೆ ಸರಿಯಬೇಕು. ಒಳ್ಳೆಯ ಶೂ ಎಂದರೆ ಈಗ ಎತ್ತರಕ್ಕೆ ಜಿಗಿಸುವುದಲ್ಲ, ಇದ್ದಲ್ಲೇ ನಿಲ್ಲಿಸುವುದು.

ಕರಿ ಫ್ಲೋ 8 (2020) ಈ ಕೆಲಸವನ್ನು ಬಹಳ ಚೆನ್ನಾಗಿ ಮಾಡುತ್ತದೆ. ಇದರಲ್ಲಿ ಕೆಳಪದರವಾಗಿ ಬೇರೆ ರಬ್ಬರ್ ಇಲ್ಲ, ಒಂದೇ ಫೋಮ್ ಮೆತ್ತೆಯೂ ಹೌದು, ಅಟ್ಟೆಯೂ ಹೌದು. ಹಗುರ, ಮರದ ನೆಲವನ್ನು ಕಚ್ಚಿ ಹಿಡಿಯುತ್ತದೆ. ಇದೇ ಸಾಲಿನ ಮುಂದಿನ ಮಾದರಿಗಳಲ್ಲೂ ಇದೇ ಬಗೆ ಮುಂದುವರಿದಿದೆ. ಕೊರತೆಯೂ ಅಲ್ಲೇ ಇದೆ. ಸಿಮೆಂಟು ಅರದ ಹಾಗೆ ಫೋಮನ್ನು ಉಜ್ಜಿಬಿಡುತ್ತದೆ. ಮೊದಲು ಸವೆಯುವುದು ಹೆಬ್ಬೆರಳ ಬುಡ ಮತ್ತು ಹೊರ ಅಂಚು, ಅಂದರೆ ಬ್ರೇಕ್ ಹಾಕುವ ಜಾಗಗಳೇ. ಕಂಠೀರವ ಒಳಾಂಗಣದಲ್ಲಿ ಆಡುವ ಅವಕಾಶ ಎಷ್ಟು ಜನರಿಗಿದೆ? ನಮ್ಮ ಶಾಲೆ, ಕಾಲೇಜು, ಬಡಾವಣೆಗಳ ಅಂಕಣ ಹೆಚ್ಚಾಗಿ ಸಿಮೆಂಟಿನದು. ಅಲ್ಲಿಗೆ ಈ ಶೂ ಬೇಡ. ಅಂಕುಡೊಂಕು ಗೆರೆಯ ದಪ್ಪ ರಬ್ಬರ್ ಅಟ್ಟೆ ಇರುವ, ಕತ್ತು ತಗ್ಗಿದ (ಪಾದದ ಗಂಟಿಗಿಂತ ಕೆಳಗೇ ನಿಲ್ಲುವ) ಶೂ ಯಾವ ಕಂಪನಿಯದಾದರೂ ಸರಿ.

ಕತ್ತು ತಗ್ಗಿದರೆ ಉಳುಕುವುದಿಲ್ಲವೇ ಎಂದು ಅಪ್ಪ ಅಮ್ಮಂದಿರು ಕೇಳುತ್ತಾರೆ, ನ್ಯಾಯವಾದ ಪ್ರಶ್ನೆ. 2008ರಲ್ಲಿ ಕೋಬಿ ಬ್ರಯಂಟ್ ತಗ್ಗು ಕತ್ತಿನ ಕೋಬಿ 4 ತೊಟ್ಟಾಗಲೂ ಇದೇ ಅನುಮಾನ ಇತ್ತು. ಪಾದದ ಗಂಟನ್ನು ಕಾಯುವುದು ಕತ್ತಿನ ಎತ್ತರಕ್ಕಿಂತ ಅಟ್ಟೆಯ ಅಗಲ ಮತ್ತು ಹಿಮ್ಮಡಿಯ ಹಿಡಿತ. ಒಮ್ಮೆ ಉಳುಕಿದ ಕಾಲಾದರೆ ಪಾದದ ಗಂಟಿಗೆ ಲೇಸ್ ಕಟ್ಟುವ ಬ್ರೇಸ್ (ಆಸರೆಪಟ್ಟಿ) ಹಾಕಿಕೊಳ್ಳುವುದು ಎತ್ತರದ ಶೂಗಿಂತ ಮೇಲು. ಕರಿ ಆಡುವುದೂ ಬ್ರೇಸ್ ಹಾಕಿಕೊಂಡೇ.

ಕೊಳ್ಳಲು ಸಂಜೆ ಹೋಗಿ, ಆ ಹೊತ್ತಿಗೆ ಪಾದ ಸ್ವಲ್ಪ ಊದಿರುತ್ತದೆ. ಆಡುವಾಗ ಹಾಕುವ ದಪ್ಪ ಕಾಲುಚೀಲವನ್ನೇ ಹಾಕಿಕೊಳ್ಳಿ, ಬ್ರೇಸ್ ಇದ್ದರೆ ಅದನ್ನೂ. ಉದ್ದನೆಯ ಬೆರಳ ಮುಂದೆ ಸುಮಾರು 1 ಸೆಂ.ಮೀ. ಜಾಗ ಸಾಕು. ಅದಕ್ಕಿಂತ ಹೆಚ್ಚಿದ್ದರೆ ಪ್ರತಿ ಬ್ರೇಕ್‌ಗೂ ಪಾದ ಮುಂದಕ್ಕೆ ಜಾರಿ ಹೆಬ್ಬೆರಳ ಉಗುರು ಕಪ್ಪಾಗುತ್ತದೆ. ಹಿಮ್ಮಡಿ ಮೇಲೇಳುತ್ತಿದ್ದರೆ ಕೊನೆಯ ತೂತುಗಳಲ್ಲಿ ಲೇಸನ್ನು ಕುಣಿಕೆ ಮಾಡಿ ಅಡ್ಡ ಎಳೆದು ಕಟ್ಟಿ ನೋಡಿ. ಆಗಲೂ ಎದ್ದರೆ ಆ ಜೋಡಿ ಬಿಡಿ. ಶೂ ಬಾಗಬೇಕಾದದ್ದು ಬೆರಳ ಬುಡದಲ್ಲಿ. ನಡು ಪಾದದಲ್ಲಿ ಮಡಚಿದರೆ ಅದು ಆಟಕ್ಕಲ್ಲ. ಸೈಜಿನ ಗೊಂದಲವೂ ಒಂದಿದೆ: ಗಂಡಸರ ಯುಎಸ್ 9 ಎಂದರೆ ನೈಕಿಯಲ್ಲಿ ಯುಕೆ 8, ಚಕ್ ಟೇಲರ್‌ನಲ್ಲಿ ಯುಕೆ 9.

ಒಳ್ಳೆಯ ಅಟ್ಟೆಯೂ ಧೂಳಿಗೆ ಸೋಲುತ್ತದೆ. ಒದ್ದೆ ಬಟ್ಟೆ ಒಂದನ್ನು ಅಂಕಣದ ಅಂಚಿನಲ್ಲಿಟ್ಟು ವಿರಾಮ ಸಿಕ್ಕಾಗೆಲ್ಲ ಅಟ್ಟೆ ಒರೆಸಿಕೊಳ್ಳಿ. ಮನೆಯಿಂದ ಅಂಕಣಕ್ಕೆ ಬೇರೆ ಚಪ್ಪಲಿ ಇರಲಿ. ನೆನೆದ ಶೂ ನೆರಳಲ್ಲೇ ಒಣಗಲಿ, ಬಿಸಿಲಿಗೆ ಅಂಟು ಬಿಡುತ್ತದೆ. ಅಂಗಡಿಯಲ್ಲಿ ಅನುಮಾನ ಬಂದರೆ ಶೂ ಮಗುಚಿ ಅಟ್ಟೆಯನ್ನು ಉಗುರಿನಿಂದ ಒತ್ತಿ ನೋಡಿ. ಸುಲಭವಾಗಿ ಗುರುತು ಬಿದ್ದರೆ ಅದು ಸಿಮೆಂಟಿಗೆ ತಡೆಯುವಂಥದ್ದಲ್ಲ, ಬೇರೆ ಜೋಡಿ ತೋರಿಸಲು ಹೇಳಿ.