ಟ್ಯಾಲಿ ಪ್ರೈಮ್ ರಿವ್ಯೂ: ವ್ಯಾಪಾರಸ್ಥನ ಮಗ ವ್ಯಾಪಾರಸ್ಥರಿಗೆ ಅಂತ ಬರೆದ ಸಾಫ್ಟ್‌ವೇರ್

ಮೊಬೈಲು, ಮಿಕ್ಸಿ, ಬಿರಿಯಾನಿ ಹೋಟ್ಲು ಎಲ್ಲದಕ್ಕೂ ಜನ ರಿವ್ಯೂ ಬರೀತಾರೆ. ಹಾಸನದ ಬಿ.ಎಂ. ರೋಡಿಂದ ಹಿಡಿದು ಕಟ್ಟಿನಕೆರೆ ಮಾರ್ಕೆಟ್‌ವರೆಗೂ ಗಲ್ಲಾಪೆಟ್ಟಿಗೆ ಪಕ್ಕದಲ್ಲಿ ದಿನವಿಡೀ ಓಡ್ತಿರೋ ಟ್ಯಾಲಿ ಅನ್ನೋ ಲೆಕ್ಕದ ಸಾಫ್ಟ್‌ವೇರ್ ಬಗ್ಗೆ ಮಾತ್ರ ಯಾರೂ ನಾಲ್ಕು ಸಾಲು ಬರ್ಯಲ್ಲ. ನಾನು ಗೊಬ್ಬರ-ಔಷಧಿ ಅಂಗಡಿ, ಒಂದು ಹಾರ್ಡ್‌ವೇರ್ ಅಂಗಡಿ, ಅರೇಹಳ್ಳಿ ಕಡೆ ಒಬ್ರು ಕಾಫಿ ವ್ಯಾಪಾರದವ್ರು, ಹಿಂಗೆ ಒಂದಷ್ಟು ಜನರ ಲೆಕ್ಕ ಬರ್ಯೋನು. ಕಂಪ್ನಿ ಕಡೆಯಿಂದ ನಂಗೇನೂ ಬರಲ್ಲ, ಇರೋದನ್ನ ಇದ್ದಂಗೆ ಹೇಳ್ತೀನಿ.

ಮೊದ್ಲು ಇದನ್ನ ಮಾಡ್ದೋರ ಕಥೆ, ಅದು ಗೊತ್ತಾದ್ರೆ ಸಾಫ್ಟ್‌ವೇರು ಹಿಂಗ್ಯಾಕಿದೆ ಅಂತ ಅರ್ಥ ಆಗುತ್ತೆ. ನಮ್ ಜಿಲ್ಲೇಲಿ ಉದ್ಯಮಿ ಅಂದ್ರೆ ಎಲ್ರ ಬಾಯಲ್ಲೂ ಗೊರೂರಿನ ಕ್ಯಾಪ್ಟನ್ ಗೋಪಿನಾಥ್ ಹೆಸ್ರೇ, ವಿಮಾನ ಹಾರಿಸ್ದೋರಲ್ವಾ. ಸಾಫ್ಟ್‌ವೇರ್ ಅಂದ್ರೆ ನಾರಾಯಣ ಮೂರ್ತಿ. ಟ್ಯಾಲಿ ಮಾಡಿದ ಭರತ್ ಗೋಯೆಂಕಾ ಯಾರು ಅಂತ ಕೇಳಿ, ದಿನಾ ಟ್ಯಾಲಿ ಕುಟ್ಟೋ ಹುಡುಗ್ರೇ ಮಿಕಮಿಕ ನೋಡ್ತಾರೆ. ಇವ್ರ ತಂದೆ ಶ್ಯಾಮ್ ಸುಂದರ್ ಗೋಯೆಂಕಾ ಬಟ್ಟೆ ಮಿಲ್ಲು, ಕಾರ್ಖಾನೆಗಳಿಗೆ ಕಚ್ಚಾ ಮಾಲು, ಮಿಷಿನ್ ಬಿಡಿಭಾಗ ಸಪ್ಲೈ ಮಾಡ್ತಿದ್ರು. ತಮ್ಮ ಲೆಕ್ಕ ಇಡೋಕೆ ಒಂದು ಸರಿಯಾದ ಸಾಫ್ಟ್‌ವೇರ್ ಎಲ್ಲೂ ಸಿಗ್ಲಿಲ್ಲ, ಗಣಿತದಲ್ಲಿ ಡಿಗ್ರಿ ಮಾಡಿದ್ದ ಮಗನಿಗೆ ನೀನೇ ಒಂದು ಮಾಡ್ಕೊಡು ಅಂದ್ರು. 1986ರಲ್ಲಿ ಅಪ್ಪ-ಮಗ ಸೇರ್ಕೊಂಡು ಬೆಂಗಳೂರಲ್ಲಿ ಪ್ಯೂಟ್ರಾನಿಕ್ಸ್ ಅಂತ ಕಂಪ್ನಿ ಶುರು ಮಾಡಿದ್ರು. ಮೊದ್ಲನೇ ಸಾಫ್ಟ್‌ವೇರ್ ಹೆಸ್ರು ಪ್ಯೂಟ್ರಾನಿಕ್ಸ್ ಫೈನಾನ್ಷಿಯಲ್ ಅಕೌಂಟೆಂಟ್, ಎಂಎಸ್ ಡಾಸ್ ಅನ್ನೋ ಹಳೇ ಕಂಪ್ಯೂಟರ್ ಸಿಸ್ಟಮ್ಮಲ್ಲಿ ಓಡ್ತಿತ್ತು, ಹೆಸ್ರು ಹೇಳೋಷ್ಟ್ರಲ್ಲಿ ಒಂದು ವೋಚರ್ (ಒಂದು ವ್ಯವಹಾರದ ಲೆಕ್ಕ) ಎಂಟ್ರಿ ಮುಗಿಸ್ಬೋದು. 1999ರಲ್ಲಿ ಕಂಪ್ನಿ ಹೆಸ್ರೇ ಟ್ಯಾಲಿ ಸೊಲ್ಯೂಷನ್ಸ್ ಆಯ್ತು.

ಆಗ ಬೆಂಗಳೂರಿನ ದೊಡ್ಡ ದೊಡ್ಡ ಕಂಪ್ನಿಗಳೆಲ್ಲ ಹೊರದೇಶದವ್ರ ಕೆಲ್ಸ ಮಾಡ್ಕೊಟ್ಟು ಡಾಲರ್ ಎಣಿಸ್ತಿದ್ರೆ ಇವ್ರು ಇಲ್ಲಿನ ಅಂಗಡಿಯವ್ರಿಗೆ ಸಾಫ್ಟ್‌ವೇರ್ ಮಾರೋಕೆ ಹೊರಟ್ರು, ಅದೂ ಸಾಫ್ಟ್‌ವೇರಿಗೆ ದುಡ್ಡು ಕೊಡ್ಬೇಕಾ ಅಂತ ಜನ ನಗ್ತಿದ್ದ ಕಾಲ್ದಲ್ಲಿ, ಸೀಡಿ ಕಾಪಿ ಹೊಡ್ಕೊಂಡು ಓಡಿಸ್ದೋರಿಗೇನು ಕಮ್ಮಿ ಇರ್ಲಿಲ್ಲ. ಅದನ್ನೆಲ್ಲ ತಡ್ಕೊಂಡು ನಿಂತ್ಕೊಂಡಿದ್ದು ನಂಗೆ ದೊಡ್ಡದು ಅನ್ಸುತ್ತೆ. 2020ರಲ್ಲಿ ಭರತ್ ಗೋಯೆಂಕಾ ಅವ್ರಿಗೆ ಪದ್ಮಶ್ರೀ ಬಂತು, ಈಗ ಅವ್ರ ಮಗ ತೇಜಸ್ ಗೋಯೆಂಕಾ ಮ್ಯಾನೇಜಿಂಗ್ ಡೈರೆಕ್ಟರ್. ಟ್ಯಾಲಿ ಪ್ರೈಮ್ ಅಂತ ಈಗ ನಾವು ಓಡಿಸ್ತಿರೋದೂ 2020ರ ಕೊನೇಲಿ ಬಂದಿದ್ದು, ಅದಕ್ಕೂ ಮುಂಚೆ 2009ರಿಂದ ಟ್ಯಾಲಿ ಇಆರ್‌ಪಿ 9 ಅನ್ನೋ ವರ್ಷನ್ ಇತ್ತು.

ಈಗ ಅಸಲಿ ವಿಷ್ಯ. ಹಳೇ ಕಾಲದ ಲೆಕ್ಕದ ಸಾಫ್ಟ್‌ವೇರ್‌ಗಳಲ್ಲಿ ಪ್ರತಿ ಖಾತೆಗೂ ಒಂದು ಕೋಡ್ ನಂಬರ್ ಇರ್ತಿತ್ತು, ಆ ನಂಬರ್ ನೆನಪಿಟ್ಕೊಂಡೇ ಎಂಟ್ರಿ ಹಾಕ್ಬೇಕಿತ್ತು. ಗೋಯೆಂಕಾ ಅದನ್ನ ಕಿತ್ತಾಕಿದ್ರು, ಹೆಸ್ರಲ್ಲೇ ಖಾತೆ. ಕೇಳೋಕೆ ಸಣ್ಣದು. ಗೊಬ್ಬರದಂಗಡೀಲಿ ಕೂತು ನೋಡಿ ಗೊತ್ತಾಗುತ್ತೆ. ಮೇ-ಜೂನಲ್ಲಿ ಮಳೆ ಬಿದ್ದು ಆಲೂಗೆಡ್ಡೆ ಬಿತ್ನೆ ಶುರುವಾಯ್ತು ಅಂದ್ರೆ ಕೌಂಟರ್ ಮುಂದೆ ಕಾಲಿಡೋಕೆ ಜಾಗ ಇರಲ್ಲ, ಅರ್ಧಕ್ಕರ್ಧ ಉದ್ರಿ, "ಬರ್ಕಳಪ್ಪ, ಗೆಡ್ಡೆ ಕಿತ್ತ್ ಮೇಲೆ ಕೊಡ್ತೀನಿ" ಅಂತ ಹೇಳಿ ಮೂಟೆ ಎತ್ಕೊಂಡು ಹೋಗ್ತಿರ್ತಾರೆ. ಅದ್ರಲ್ಲಿ ಮಂಜೇಗೌಡ್ರು ಎಷ್ಟು ಜನ ಅಂತೀರಾ! ಮಂಜೇಗೌಡ ದುದ್ದ, ಮಂಜೇಗೌಡ ಸಾಲಗಾಮೆ, ಮಂಜೇಗೌಡ ಕಟ್ಟಾಯ, ಕಟ್ಟಾಯದಲ್ಲೇ ಇಬ್ರಿದ್ರೆ ಮಂಜೇಗೌಡ ಕಟ್ಟಾಯ ಟ್ರ್ಯಾಕ್ಟರ್. ಅಂಗಡಿ ಓನರ್ ಬಾಯಲ್ಲಿ ಹೆಂಗೆ ಬರುತ್ತೋ ಹಂಗೇ ಲೆಡ್ಜರಿಗೆ, ಅಂದ್ರೆ ಖಾತೆಗೆ, ಹೆಸ್ರಿಡ್ಬೋದು. ಹೊಸ ಗಿರಾಕಿ ಬಂದ್ರೆ ಬಿಲ್ ಅರ್ಧಕ್ಕೆ ಬಿಟ್ಟು ಎಲ್ಲಿಗೂ ಹೋಗ್ಬೇಕಿಲ್ಲ, ಅಲ್ಲೇ ಆಲ್ಟ್ ಸಿ ಒತ್ತಿ ಲೆಡ್ಜರ್ ಮಾಡಿ ಬಿಲ್ ಮುಂದುವರ್ಸೋದು. ಅಪ್ಪನ ವ್ಯಾಪಾರ ಹತ್ರದಿಂದ ನೋಡ್ದೋನಿಗೆ ಮಾತ್ರ ಹೊಳೆಯೋ ಐಡಿಯಾ ಇದು ಅಂತ ನನ್ನ ಲೆಕ್ಕ.

ಉದ್ರಿ ಬಾಕಿಗೆ ಬಿಲ್-ವೈಸ್ ಆನ್ ಮಾಡ್ಕೊಳ್ಳಿ, ದಯವಿಟ್ಟು. ಸುಮಾರು ಅಂಗಡೀಲಿ ಇದನ್ನ ಆಫ್ ಮಾಡಿಟ್ಟು, ಒಟ್ಟು ಬಾಕಿ ಮಾತ್ರ ನೋಡ್ತಾರೆ. ಬಿಲ್-ವೈಸ್ ಇದ್ರೆ ಯಾವ ಬಿಲ್ಲಿಗೆ ಎಷ್ಟು ಬಂತು, ಯಾವ್ದು 90 ದಿನ ದಾಟಿದೆ ಎಲ್ಲಾ ಒಂದೇ ರಿಪೋರ್ಟಲ್ಲಿ. ಅಂಗಮಾರಿ ರೋಗ ಬಂದು ಗೆಡ್ಡೆ ಕೊಳೆತ ವರ್ಷ ಬಾಕಿ ಮುಂದಿನ ವರ್ಷಕ್ಕೆ ಹೋಗೇ ಹೋಗುತ್ತೆ, ಆಗ ರೈತ್ರೂ ನಾವೂ ಒಂದೇ ಹಾಳೆ ನೋಡ್ಕೊಂಡು ಮಾತಾಡ್ಬೋದು, ನಂದು ಇಷ್ಟೇ ಇದ್ದಿದ್ದು ಅನ್ನೋ ಜಗಳ ಇರಲ್ಲ.

ಜಿಎಸ್‌ಟಿ ಕೆಲ್ಸ ಚೆನ್ನಾಗಿದೆ. ಗೊಬ್ಬರದಂಗಡೀಲಿ ಒಂದೇ ಬಿಲ್ಲಲ್ಲಿ ಬಿತ್ನೆ ಬೀಜಕ್ಕೆ ತೆರಿಗೆ ಇಲ್ಲ, ಗೊಬ್ಬರಕ್ಕೆ 5%, ಬೆಳೆಗೆ ಹೊಡೆಯೋ ಔಷಧಿಗೆ 18%, ಕೈಯಲ್ಲಿ ಹಾಕಿದ್ರೆ ತಲೆ ಕೆಡುತ್ತೆ. ಐಟಮ್ಮಿಗೆ ಒಂದ್ಸಲ ತೆರಿಗೆ ರೇಟು, ಎಚ್‌ಎಸ್‌ಎನ್ (ಸರಕಿನ ಕೋಡ್ ನಂಬರ್) ಹಾಕಿಟ್ರೆ ಮುಗೀತು. 2017 ಜುಲೈ 1ಕ್ಕೆ ಜಿಎಸ್‌ಟಿ ಬಂದಾಗ ಊರಲ್ಲಿ ಎಲ್ರಿಗೂ ಕಂಪ್ಯೂಟರ್ ತಗೊಳ್ಳಲೇಬೇಕು ಅನ್ನೋ ಹಂಗಾಯ್ತು, ಅಲ್ಲೀವರೆಗೂ ಕಿರ್ದಿ ಪುಸ್ತಕ ಬಿಡದೇ ಇದ್ದೋರೂ ಟ್ಯಾಲಿಗೆ ಬಂದ್ರು. ಹೊಸ ವರ್ಷನ್‌ಗಳಲ್ಲಿ ಜಿಎಸ್‌ಟಿಆರ್ 1 (ಮಾರಾಟದ ಜಿಎಸ್‌ಟಿ ರಿಟರ್ನ್) ಟ್ಯಾಲಿಯಿಂದಾನೇ ಅಪ್ಲೋಡ್ ಮಾಡ್ಬೋದು, ಬಿಲ್ಲನ್ನ ವಾಟ್ಸಾಪಲ್ಲೂ ಕಳಿಸ್ಬೋದು.

ಮೌಸ್ ಮುಟ್ಟದೇ ಕೆಲ್ಸ ಮಾಡೋದು ಇನ್ನೊಂದು ಸುಖ. ಎಫ್ 5 ಪೇಮೆಂಟು, ಎಫ್ 6 ರಸೀದಿ, ಎಫ್ 8 ಸೇಲ್ಸು, ಎಫ್ 9 ಪರ್ಚೇಸು, ಕಂಟ್ರೋಲ್ ಎ ಒತ್ತಿದ್ರೆ ಸೇವ್. ನಮ್ ಹಾರ್ಡ್‌ವೇರ್ ಅಂಗಡಿ ಹುಡುಗಿ ಗಿರಾಕಿ ಜೊತೆ ಮಾತಾಡ್ಕೊಂಡು, ಸ್ಕ್ರೀನ್ ಕಡೆ ಅರ್ಧ ಕಣ್ಣು ಹಾಕ್ಕೊಂಡು, ವೀಣೆ ನುಡಿಸ್ದಂಗೆ ಬಿಲ್ ಹೊಡೀತಾಳೆ. ಅವ್ಳು ಕಲ್ತಿದ್ದು ಎಲ್ರ ತರ ಕಂಪ್ಯೂಟರ್ ಕ್ಲಾಸಲ್ಲಿ, ಎಜುಕೇಷನ್ ಮೋಡಲ್ಲಿ. ಲೈಸೆನ್ಸ್ ಇಲ್ದಿದ್ರೂ ಕಲಿಯೋರಿಗೆ ಬಿಟ್ಟಿ ಓಡುತ್ತೆ, ಆದ್ರೆ ತಿಂಗಳ 1, 2 ತರದ ಕೆಲವೇ ತಾರೀಕಿಗೆ ಮಾತ್ರ ಎಂಟ್ರಿ ತಗೊಳ್ಳುತ್ತೆ. ಬಿ.ಕಾಂ ಹುಡುಗ್ರ ಪ್ರಾಕ್ಟೀಸ್ ಲೆಕ್ಕದಲ್ಲಿ ಪ್ರಪಂಚದ ವ್ಯಾಪಾರವೆಲ್ಲ ಒಂದನೇ ತಾರೀಕೇ ನಡೆಯೋದು ಅದಕ್ಕೇ! ಒಳ್ಳೇ ಐಡಿಯಾ ಕಣ್ರೀ, ಅಂಗಡಿಯವ್ನು ಇದನ್ನ ಬಿಟ್ಟಿ ಓಡಿಸೋಕಾಗಲ್ಲ, ಹುಡುಗ್ರು ದುಡ್ಡಿಲ್ದೇ ಕಲೀಬೋದು, ಟ್ಯಾಲಿ ಬರೋ ಹುಡುಗ್ರು ಪ್ರತಿ ಊರಲ್ಲೂ ಸಿಗ್ತಾರೆ. ಬೇರೆ ಸಾಫ್ಟ್‌ವೇರ್ ಎಷ್ಟೇ ಚೆನ್ನಾಗಿದ್ರೂ ಹಾಸನದಲ್ಲಿ ಅದು ಗೊತ್ತಿರೋರನ್ನ ಹುಡ್ಕೋದೇ ಒಂದು ಕೆಲ್ಸ.

ಇನ್ನು ಬೇಜಾರಿನ ವಿಷ್ಯಗಳು. ಕನ್ನಡ. 2006ರಲ್ಲೇ ಭಾರತೀಯ ಭಾಷೆಗಳಲ್ಲಿ ಓಡೋ ವರ್ಷನ್ ತಂದ್ರು, ಕನ್ನಡವೂ ಇತ್ತು, ಆದ್ರೆ ಕನ್ನಡದಲ್ಲಿ ಬಿಲ್ ಕೊಡೋ ಅಂಗಡಿ ನಾನಂತೂ ನೋಡಿಲ್ಲ. ಬೆಂಗಳೂರಿನ ಕಂಪ್ನಿ, ಇನ್ನೊಂಚೂರು ಜೋರು ಮಾಡ್ಬೋದಿತ್ತು. ಎರಡನೇದು ಫೋನು. ರಿಪೋರ್ಟ್ ಬ್ರೌಸರಲ್ಲಿ ನೋಡ್ಬೋದು, ಎಂಟ್ರಿ ಹಾಕೋಕೆ ಕಂಪ್ಯೂಟರ್ ಮುಂದೆನೇ ಕೂರ್ಬೇಕು, ತೋಟದಲ್ಲಿ ನಿಂತು ಕಾಫಿ ತೂಕ ಹಾಕಿಸೋ ನಮ್ ಅರೇಹಳ್ಳಿಯವ್ರಿಗೆ ಇದು ಒಗ್ಗಲ್ಲ, ಅವ್ರು ಚೀಟೀಲಿ ಬರ್ದು ಫೋಟೋ ಕಳಿಸ್ತಾರೆ, ನಾನು ಕೂತು ಕುಟ್ತೀನಿ. ಡೇಟಾ ಇರೋದೂ ನಿಮ್ಮ ಮಿಷಿನಲ್ಲೇ. ಮಳೆಗಾಲದಲ್ಲಿ ಕರೆಂಟು ಹೆಂಗೆ ಹೋಗ್ಬರುತ್ತೆ ಅಂತ ಹೇಳ್ಬೇಕಿಲ್ಲ, ಒಳ್ಳೇ ಯುಪಿಎಸ್ ಹಾಕ್ಸಿ, ದಿನಾ ಸಂಜೆ ಬಾಗ್ಲು ಹಾಕೋ ಮುಂಚೆ ಪೆನ್‌ಡ್ರೈವಿಗೆ ಬ್ಯಾಕಪ್ ತೆಗೀರಿ, ಆ ಪೆನ್‌ಡ್ರೈವ್ ಮನೆಗೆ ಒಯ್ಯಿರಿ.

ರೇಟು? ಒಂದೇ ಕಂಪ್ಯೂಟರಿಗೆ ಸಿಲ್ವರ್ ಲೈಸೆನ್ಸ್ 22,500 ರೂಪಾಯಿ, ಮೇಲೆ 18% ಜಿಎಸ್‌ಟಿ. ಒಂದ್ಸಲ ಕೊಟ್ರೆ ಲೈಸೆನ್ಸ್ ನಿಮ್ದೇ, ಆದ್ರೆ ಹೊಸ ವರ್ಷನ್ ಬೇಕು ಅಂದ್ರೆ ಟಿಎಸ್‌ಎಸ್ ಅನ್ನೋ ಅಪ್ಡೇಟ್ ಚಂದಾ ರಿನ್ಯೂ ಮಾಡಿಸ್ತಿರ್ಬೇಕು. ಸಣ್ಣ ಕಿರಾಣಿ ಅಂಗಡಿಗೆ ಇದು ಜಾಸ್ತಿನೇ, ಕ್ಯಾಶ್ ವ್ಯಾಪಾರ, ಉದ್ರಿ ಇಲ್ಲ ಅಂದ್ರೆ ಫೋನಲ್ಲಿರೋ ಯಾವ್ದಾದ್ರೂ ಬಿಲ್ಲಿಂಗ್ ಆ್ಯಪ್ ಸಾಕು. ಹೋಲ್‌ಸೇಲ್ ಇದ್ರೆ, ಉದ್ರಿ ಇದ್ರೆ, ಆಡಿಟರ್ ಕೈಗೆ ಲೆಕ್ಕ ಹೋಗುತ್ತೆ ಅಂದ್ರೆ ಕಣ್ಮುಚ್ಚಿ ಟ್ಯಾಲಿ ತಗೊಳ್ಳಿ, ಆಡಿಟರ್ ಆಫೀಸಲ್ಲೂ ಅದೇ ಇರುತ್ತೆ. ಐದಕ್ಕೆ ನಾಲ್ಕು ಸ್ಟಾರ್ ಕೊಡ್ತೀನಿ, ಕನ್ನಡಕ್ಕೂ ಫೋನಿಗೂ ಸೇರಿ ಒಂದು ಕಟ್.

ತಗೊಳ್ಳೋರು ವರ್ಷದ ಮಧ್ಯ ಶುರು ಮಾಡ್ಬೇಡಿ, ಏಪ್ರಿಲ್ 1ರಿಂದ ಮಾಡಿ. ಮಾರ್ಚಲ್ಲೇ ಸ್ಟಾಕ್ ಎಣಿಸಿ, ಯಾರ್ಯಾರ ಬಾಕಿ ಎಷ್ಟು ಅಂತ ಊರು ಸಮೇತ ಪಟ್ಟಿ ಮಾಡಿಟ್ಕೊಳ್ಳಿ, ಓಪನಿಂಗ್ ಬ್ಯಾಲೆನ್ಸ್ (ಶುರುವಿನ ಬಾಕಿ) ಹಾಕೋಕೆ ಬರೋ ಹುಡುಗನ ಅರ್ಧ ದಿನ ಉಳಿಯುತ್ತೆ.