ಚಾಚಾ ಅವರ ಬೆರಳು, ನಮ್ಮ ಡ್ರೈವ್‌ನ ಬೀಗ

ಬೀದರ್‌ನ ಚೌಬಾರದ ಹತ್ತಿರ ಒಂದು ಬಿದರಿ ಕಾರ್ಖಾನೆಯಲ್ಲಿ ನಾನು ಡಿಸೈನ್ ಬರೆಯುತ್ತೇನೆ. ಮಾಲಿನ ಫೋಟೊ, ಬಿಲ್ಲು, ಗಿರಾಕಿಗಳ ವಿಳಾಸ ನೋಡಿಕೊಳ್ಳುವುದೂ ನಾನೇ. ಇರುವುದು ಒಂದು ಕಂಪ್ಯೂಟರ್, ಒಂದು ಡ್ರೈವ್. ನಾನು, ನಮ್ಮ ಹಿರಿಯ ಕಸುಬುದಾರ ಚಾಚಾ, ಅವರ ಮಗ, ಮೂವರೂ ಅದನ್ನೇ ಬಳಸುತ್ತೇವೆ.

ಮೊದಲು ಒಂದು ಸಾದಾ ಪೆನ್‌ಡ್ರೈವ್ ಇತ್ತು. ಪ್ರಿಂಟಿಗೆ ಹೋದರೂ ಅದೇ, ಫೋಟೊ ತೆಗೆಯುವವರಿಗೆ ಕೊಟ್ಟರೂ ಅದೇ. ಒಂದು ದಿನ ಪರಿಚಯದವರೊಬ್ಬರು ಮೊಬೈಲ್ ತೋರಿಸಿದರು. ಅದರಲ್ಲಿ ನನ್ನ ದ್ರಾಕ್ಷಿ ಬಳ್ಳಿಯ ಡಿಸೈನ್ ಇತ್ತು. ನಾನು 11 ದಿನ ಕೂತು ಬರೆದದ್ದು, ಇನ್ನೂ ಉಳಿ ಕೂಡ ತಾಗದ ಡಿಸೈನ್. ಯಾರು ಕಾಪಿ ಮಾಡಿದರು ಅಂತ ಹೇಗೆ ಹೇಳುವುದು? ಆ ಪೆನ್‌ಡ್ರೈವ್ ಎಷ್ಟು ಕಂಪ್ಯೂಟರಿಗೆ ಚುಚ್ಚಿದ್ದೆವೋ ನಮಗೇ ಲೆಕ್ಕವಿರಲಿಲ್ಲ. ಡಿಸೈನ್ ಹೋದದ್ದಕ್ಕಿಂತ ಅದೇ ಪೆನ್‌ಡ್ರೈವ್‌ನಲ್ಲಿ ಗಿರಾಕಿಗಳ ಫೋನ್ ನಂಬರ್‌ಗಳೂ ಇದ್ದವಲ್ಲಾ ಅಂತ ನನಗೆ ರಾತ್ರಿ ನಿದ್ದೆ ಬರಲಿಲ್ಲ.

ಆಮೇಲೆ ತಗೊಂಡದ್ದು ಸ್ಯಾಮ್‌ಸಂಗ್ ಟಿ7 ಟಚ್, ಕೇಬಲ್‌ನಿಂದ ಹಚ್ಚುವ, ಬೆರಳಚ್ಚಿಗೆ ಬೀಗ ತೆರೆಯುವ ಪುಟ್ಟ ಡ್ರೈವ್, 1 ಟಿಬಿಯದು. 2020ರಲ್ಲಿ ಬಂದ ಮಾಡೆಲ್. ತೂಕ 58 ಗ್ರಾಂ, ದಪ್ಪ 8 ಮಿಲಿಮೀಟರ್. ಮೇಲ್ಗಡೆ ಬೆರಳಿಡಲು ಜಾಗ, ಅದರ ಸುತ್ತ ಚೌಕಾಕಾರದ ಸಣ್ಣ ದೀಪ. ಕೇಬಲ್ ಹಚ್ಚಿದ ಕೂಡಲೇ ನಮ್ಮ ಫೈಲುಗಳು ಕಾಣುವುದಿಲ್ಲ. ಬೀಗ ತೆಗೆಯುವ ಸಾಫ್ಟ್‌ವೇರ್ ಇರುವ ಒಂದು ಸಣ್ಣ ಭಾಗ ಮಾತ್ರ ಕಾಣುತ್ತದೆ. ಬೆರಳಿಟ್ಟರೆ ಉಳಿದದ್ದು ತೆರೆದುಕೊಳ್ಳುತ್ತದೆ. ಇದು ಸುಮ್ನೆ ಫೋಲ್ಡರ್ ಅಡಗಿಸಿಟ್ಟ ಹಾಗಲ್ಲ. ಒಳಗಿರುವುದೆಲ್ಲ ಎಇಎಸ್ 256-ಬಿಟ್ ಪದ್ಧತಿಯಲ್ಲಿ ಗುಪ್ತ ಸಂಕೇತವಾಗಿ ಕೂತಿರುತ್ತದೆ, ಆ ಕೆಲಸವನ್ನು ಡ್ರೈವ್ ಒಳಗಿನ ಹಾರ್ಡ್‌ವೇರೇ ಮಾಡುತ್ತದೆ. ಕದ್ದವರು ಡಬ್ಬಿ ಬಿಚ್ಚಿ ಚಿಪ್ ಕಿತ್ತರೂ ಅವರಿಗೆ ಓದಲು ಬರುವುದಿಲ್ಲ. ವೇಗ ಸೆಕೆಂಡಿಗೆ 1,050 ಎಂಬಿವರೆಗೆ ಅಂತಾರೆ. ನಮ್ಮ ಹಳೇ ಕಂಪ್ಯೂಟರಿನ ಪೋರ್ಟ್‌ಗೆ ಅಷ್ಟು ಶಕ್ತಿ ಇಲ್ಲ, ಹಾಗಾಗಿ ಅದರ ಮಾತು ಬೇಡ.

ಮೊದಲು ಪಾಸ್‌ವರ್ಡ್ ಇಡಬೇಕು, ಆಮೇಲೆ ಬೆರಳು ಸೇರಿಸಬೇಕು. ನನ್ನದು ಎರಡೇ ನಿಮಿಷದಲ್ಲಿ ಆಯಿತು. ಚಾಚಾ ಅವರದ್ದು ಆಗಲಿಲ್ಲ.

ಬಿದರಿ ಕೆಲಸದವರ ಕೈ ನೀವು ಹತ್ತಿರದಿಂದ ನೋಡಿದ್ದೀರಾ? ಸತು, ತಾಮ್ರ ಸೇರಿಸಿ ಎರಕ ಹೊಯ್ದ ಮೇಲೆ ಅರ ಹಿಡಿದು ಉಜ್ಜಬೇಕು. ಉಳಿಯಿಂದ ಕೆತ್ತಿ ಬೆಳ್ಳಿ ತಂತಿ ಕೂಡಿಸಬೇಕು. ಕೊನೆಗೆ ಕೋಟೆಯ ಮಣ್ಣಿಗೆ ನವಸಾಗರ ಅನ್ನುವ ಲವಣ ಕಲಸಿ ಹಚ್ಚಬೇಕು. ಆಗ ಲೋಹ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಚಾಚಾ ಇದನ್ನು 40 ವರ್ಷದಿಂದ ಮಾಡುತ್ತಿದ್ದಾರೆ. ಸೆನ್ಸರ್‌ಗೆ ಬೇಕಾದದ್ದು ಚರ್ಮದ ಮೇಲಿನ ಗೆರೆಗಳ ಏರು ತಗ್ಗು. ಅವರ ಬಲಗೈ ಹೆಬ್ಬೆರಳಲ್ಲಿ, ತೋರುಬೆರಳಲ್ಲಿ ಆ ಗೆರೆಗಳೇ ಸವೆದು ಹೋಗಿವೆ. ಯಂತ್ರದ್ದೇನೂ ತಪ್ಪಿಲ್ಲ. ರೇಷನ್ ಅಂಗಡಿಯಲ್ಲೂ ಅವರಿಗೆ ಇದೇ ತೊಂದರೆ.

“ಬೇಟಿ, ಇದಕ್ಕ ನನ್ನ ಗುರ್ತ ಹತ್ತವಲ್ದು. ಬಿಡು, ನೀನೇ ತೆಗಿ,” ಅಂದರು. ಮತ್ತೆ ಅರ ಹಿಡಿದು ಕೂತರು.

ನನಗೆ ಬಿಡಲು ಮನಸ್ಸಾಗಲಿಲ್ಲ. ಆ ಡ್ರೈವ್‌ನಲ್ಲಿರುವ ಅರ್ಧಕ್ಕರ್ಧ ನಮೂನೆ ಅವರ ಕೈಯಿಂದಲೇ ಬಂದದ್ದು. ಅವರೇ ತೆರೆಯಲಾಗದ ಪೆಟ್ಟಿಗೆಯಲ್ಲಿ ಅದನ್ನು ಇಡುವುದು ಸರಿಯಲ್ಲ, ಅಲ್ವಾ? ಮಾರನೇ ದಿನ ಕೆಲಸ ಶುರುವಾಗುವ ಮುಂಚೆ ಅವರಿಂದ ಬಿಸಿನೀರಲ್ಲಿ ಕೈ ತೊಳೆಸಿದೆ, ಪೂರ್ತಿ ಒರೆಸಿದೆ. ಆಮೇಲೆ ಒಂದೊಂದೇ ಬೆರಳು ಇಡಿಸಿದೆ. ಏಳನೆಯದು ಎಡಗೈ ಉಂಗುರ ಬೆರಳು. ಅದು ಹತ್ತಿತು! ಕಿರುಬೆರಳೂ ಹತ್ತಿತು. ಅರಕ್ಕೂ ಉಳಿಗೂ ಹೆಚ್ಚು ಸಿಗದ ಬೆರಳುಗಳು ಅವು. ಕೈಕೆಲಸದವರು ಯಾರಾದರೂ ಇಂಥ ಡ್ರೈವ್ ತಗೊಂಡರೆ ಹೆಬ್ಬೆರಳಿನ ಹಟ ಬಿಡಿ. ಈಗಲೂ ಕೈಗೆ ಮಣ್ಣು ಹತ್ತಿದ್ದಾಗ, ಒದ್ದೆ ಇದ್ದಾಗ ತೆರೆಯುವುದಿಲ್ಲ. ಅದಕ್ಕೇ ಡ್ರೈವ್ ಪಕ್ಕದಲ್ಲಿ ಒಂದು ಒಣ ಬಟ್ಟೆ ಇಟ್ಟಿದ್ದೇವೆ.

ಹಂಚಿಕೊಂಡು ಬಳಸುವವರಿಗೆ ಇನ್ನೆರಡು ಮಾತು ಹೇಳಲೇಬೇಕು. ಬೆರಳು ಸೇರಿಸಿದವರೆಲ್ಲರಿಗೂ ಎಲ್ಲವೂ ಕಾಣುತ್ತದೆ. ಇವರಿಗೆ ಬಿಲ್ಲು ಮಾತ್ರ, ಅವರಿಗೆ ಡಿಸೈನ್ ಮಾತ್ರ ಅನ್ನುವ ವ್ಯವಸ್ಥೆ ಇಲ್ಲ. ಒಮ್ಮೆ ತೆರೆದ ಮೇಲೆ ಆ ಕಂಪ್ಯೂಟರಿನ ಮುಂದೆ ಯಾರು ಕೂತರೂ ಕಾಪಿ ಮಾಡಬಹುದು. ಹಾಗಾಗಿ ಇದು ಕಾರ್ಖಾನೆಯಿಂದ ಹೊರಗೆ ಹೋಗುವುದಿಲ್ಲ. ಪ್ರಿಂಟಿಗೆ ಬೇಕಾದ ಒಂದು ಫೈಲನ್ನು ಮಾತ್ರ ಬೇರೆ ಪೆನ್‌ಡ್ರೈವ್‌ಗೆ ಹಾಕಿ ಕೊಡುತ್ತೇವೆ. ಲೆಕ್ಕ ನೋಡುವವರು ಕಲಬುರಗಿಯಲ್ಲಿದ್ದಾರೆ, ಅವರಿಗೂ ಹಾಗೇ.

ಪಾಸ್‌ವರ್ಡ್ ಮರೆತರೆ, ಬೆರಳೂ ಹತ್ತದಿದ್ದರೆ, ಡ್ರೈವ್ ಅನ್ನು ಖಾಲಿ ಮಾಡಿ ಹೊಸದಾಗಿ ಶುರುಮಾಡಬೇಕು. ಒಳಗಿನದ್ದು ವಾಪಸ್ ಬರುವುದಿಲ್ಲ. ನಮ್ಮ ಪಾಸ್‌ವರ್ಡ್ ಒಂದು ಮುಚ್ಚಿದ ಲಕೋಟೆಯಲ್ಲಿ ಚಾಚಿಯ ಅಲಮಾರಿಯಲ್ಲಿದೆ. ಫೈಲುಗಳ ಇನ್ನೊಂದು ಪ್ರತಿ ಬೇರೆ ಡಿಸ್ಕ್‌ನಲ್ಲಿದೆ. ಬೀಗ ಇದೆ ಅಂತ ಬ್ಯಾಕಪ್ ಬಿಡಬೇಡಿ, ಡ್ರೈವ್ ಕೆಟ್ಟರೆ ಬೆರಳಚ್ಚು ಏನೂ ಮಾಡಲಾರದು.

ನನಗೆ ಕಡಿಮೆ ಅನ್ನಿಸಿದ್ದು ಒಂದೇ. ನಾಲ್ಕು ಬೆರಳಿಗೆ ಮಾತ್ರ ಜಾಗ. ಚಾಚಾ ಅವರದ್ದು ಎರಡು, ಮಗನದು ಒಂದು, ನನ್ನದು ಒಂದು, ಅಲ್ಲಿಗೆ ಭರ್ತಿ. ಮುಂದಿನ ತಿಂಗಳು ಕೆತ್ತನೆ ಕಲಿತ ಹುಡುಗಿಯೊಬ್ಬಳು ಕೆಲಸಕ್ಕೆ ಬರುತ್ತಿದ್ದಾಳೆ. “ನಂದೊಂದು ತೆಗಿ” ಅಂತ ಚಾಚಾ ಆಗಲೇ ಹೇಳಿದ್ದಾರೆ. ನಾನು ತೆಗೆಯುವುದಿಲ್ಲ. ನನಗೆ ಪಾಸ್‌ವರ್ಡ್ ಬಾಯಿಪಾಠ ಇದೆ, ನನ್ನ ಬೆರಳನ್ನೇ ತೆಗೆಯುತ್ತೇನೆ.